ಹಲ್ಲಾ, ಮಿಲ್ಟನ್, ರತಿನಾ, ಎಕ್ಸ್‌ಪ್ಲೋಶನ್: ಬೇರೆ ಬೇರೆ ಕಾಲದ ಜಂಪಿಂಗ್ ಕುದುರೆಗಳನ್ನು ತೂಗುವುದು ಹೇಗೆ?

ಆಕ್ಸರ್

ಶೋಜಂಪಿಂಗ್‌ನ (ಕುದುರೆಯೇರಿ ತಡೆಗಳನ್ನು ಜಿಗಿಯುವ ಆಟದ) ಸಾರ್ವಕಾಲಿಕ ಶ್ರೇಷ್ಠ ಕುದುರೆ ಯಾವುದು ಅಂತ ಕೇಳಿದ ಕೂಡಲೇ ಎಲ್ಲರೂ ಪದಕದ ಪಟ್ಟಿ ತೆಗೆಯುತ್ತಾರೆ. ಆ ಪಟ್ಟಿಯಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ. ವಿಶ್ವಕಪ್ ಫೈನಲ್ ಶುರುವಾದದ್ದೇ 1979ರಲ್ಲಿ. ಹಲ್ಲಾ ಅದೇ ವರ್ಷ 34ನೇ ವಯಸ್ಸಿನಲ್ಲಿ ತೀರಿಕೊಂಡಳು. ಮಿಲ್ಟನ್ 1988ರ ಸೋಲ್ ಒಲಿಂಪಿಕ್ಸ್‌ಗೆ ಹೋಗಲೇ ಇಲ್ಲ, ಮಾಲೀಕರು ಕಳಿಸಲು ಒಪ್ಪಲಿಲ್ಲ. ಆಡದ ಪಂದ್ಯವನ್ನು ಸೊನ್ನೆ ಅಂತ ಎಣಿಸಿದರೆ ಲೆಕ್ಕ ಹಾದಿ ತಪ್ಪುತ್ತದೆ.

ನಾನು ಮೂರು ಸಂಗತಿ ನೋಡುತ್ತೇನೆ. ಅದೇ ದಿನ ಅದೇ ತಡೆಗಳ ಮೇಲೆ ಉಳಿದ ಕುದುರೆಗಳು ಎಷ್ಟು ಒದ್ದಾಡಿದವು, ಈ ಕುದುರೆ ಎಷ್ಟು ಮುಂದಿತ್ತು ಅನ್ನುವುದು ಒಂದು. ಒಂದೇ ಚಾಂಪಿಯನ್‌ಷಿಪ್‌ನ ಒಳ್ಳೆ ವಾರವೋ, ಐದಾರು ವರ್ಷದ ಆಟವೋ ಅನ್ನುವುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಗೆಲುವಿನಲ್ಲಿ ಸವಾರನ ಪಾಲೆಷ್ಟು, ಕುದುರೆಯ ಪಾಲೆಷ್ಟು.

ಮೊದಲನೆಯದಕ್ಕೆ ಒಂದು ಉದಾಹರಣೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಸವಾರ ಅಲ್ವಿನ್ ಶೋಕೆಮೋಲೆಯ ಕುದುರೆ ವಾರ್ವಿಕ್ ರೆಕ್ಸ್ ಎರಡೂ ಸುತ್ತು ಕ್ಲಿಯರ್, ಒಂದು ಕೋಲೂ ಬೀಳಲಿಲ್ಲ. ಬೆಳ್ಳಿಗೆ ಸೆಣಸಿದವರು 12 ಫಾಲ್ಟ್‌ನಲ್ಲಿದ್ದರು (ಒಂದು ಕೋಲು ಬಿದ್ದರೆ 4 ಫಾಲ್ಟ್), ಅಂದರೆ ಮೂರು ಕೋಲಿನ ಅಂತರ. 2021ರ ಟೋಕಿಯೊ ಒಲಿಂಪಿಕ್ಸ್‌ನ ಜಂಪ್-ಆಫ್‌ನಲ್ಲಿ (ಸಮವಾದವರ ನಡುವೆ ವೇಗದ ಕೊನೆಯ ಸುತ್ತು) ಬೆನ್ ಮಾಹರ್ ಅವರ ಎಕ್ಸ್‌ಪ್ಲೋಶನ್ ಡಬ್ಲ್ಯು 37.85 ಸೆಕೆಂಡ್, ಪೆಡರ್ ಫ್ರೆಡ್ರಿಕ್ಸನ್ ಅವರ ಆಲ್ ಇನ್ 38.02. ಅಂತರ 0.17 ಸೆಕೆಂಡ್. ಇವೆರಡನ್ನೂ ‘ಒಂದು ಚಿನ್ನ’ ಅಂತ ಒಂದೇ ತಕ್ಕಡಿಗೆ ಹಾಕಬಹುದಾ? ಗೊತ್ತಿದ್ದವರು ಬರೆಯಿರಿ.

ತಡೆಗಾರ

ಅಂಕ ನೋಡುವ ಮೊದಲು ಕಪ್ ನೋಡಿ. ಅಡ್ಡಕೋಲು ಕೂರುವ ಕಪ್‌ನ ಆಳ ಈಗಿನ ಅಂತಾರಾಷ್ಟ್ರೀಯ ನಿಯಮದಂತೆ 18ರಿಂದ 20 ಮಿಲಿಮೀಟರ್. ಹಲಗೆ, ಗೇಟುಗಳಿಗೆ ಅದಕ್ಕಿಂತಲೂ ಚಪ್ಪಟೆ. ಕೋಲು ಸಾಮಾನ್ಯವಾಗಿ ಮೂರೂವರೆ ಮೀಟರ್ ಉದ್ದದ ಹಗುರ ಮರ. ಗೊರಸು ಸವರಿದರೆ ಸಾಕು, ಉರುಳುತ್ತದೆ. ಐವತ್ತರ ದಶಕದ ಕೋಲು ಉದ್ದ, ದಪ್ಪ, ಭಾರ, ಕಪ್ ಕೂಡ ಆಳ. ಸವರಿದರೆ ಕುಲುಕಿ ಮತ್ತೆ ಅಲ್ಲೇ ಕೂರುತ್ತಿತ್ತು. ಬೀಳಬೇಕಾದರೆ ಜೋರಾಗಿ ಹೊಡೆತ ಬೀಳಬೇಕು, ಹಾಗೆ ಹೊಡೆದಾಗ ಕುದುರೆ ಸವಾರ ಇಬ್ಬರೂ ನೆಲಕ್ಕೆ ಬರುವ ಅಪಾಯವಿತ್ತು. ಆಕ್ಸರ್‌ನ (ಹಿಂದೆ ಮುಂದೆ ಕೋಲಿಟ್ಟ ಅಗಲದ ತಡೆ) ಹಿಂದಿನ ಕೋಲು ಭಾರ ಬಿದ್ದಾಗ ತಾನೇ ಕಳಚುವ ಸೇಫ್ಟಿ ಕಪ್ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ.

ಹಾಗಾದರೆ ಹಳೆಯ ಕಾಲ ಸುಲಭವಿತ್ತೇ? ರೋಮ್ 1960ರ ಫಲಿತಾಂಶ ನೋಡಿ. ರೈಮೊಂಡೊ ದಿನ್‌ಜೆಯೊ ಅವರ ಪೊಸಿಲ್ಲಿಪೊ 12 ಫಾಲ್ಟ್‌ಗೆ ಚಿನ್ನ, ಅಣ್ಣ ಪಿಯೆರೊ ಅವರ ದಿ ರಾಕ್ 16ಕ್ಕೆ ಬೆಳ್ಳಿ, ಡೇವಿಡ್ ಬ್ರೂಮ್ ಅವರ ಸನ್‌ಸಾಲ್ವ್ 23ಕ್ಕೆ ಕಂಚು. ಕೋಲು ಸುಲಭಕ್ಕೆ ಬೀಳದ ಕಾಲದಲ್ಲೂ ಚಿನ್ನ ಗೆದ್ದ ಕುದುರೆಯ ಲೆಕ್ಕ 12. ಅಂದಿನ ತಡೆ ಗಾತ್ರದಿಂದ ಹೆದರಿಸುತ್ತಿತ್ತು: ಗಟ್ಟಿ ಗೋಡೆ, ಅಗಲದ ಆಕ್ಸರ್, ಹುಲ್ಲು ನೆಲ, ಹೆಜ್ಜೆಗೆ ಒಗ್ಗದ ದೂರ. ಇಂದಿನದು ಲೆಕ್ಕದಿಂದ ಹಿಡಿಯುತ್ತದೆ.

ಆ ಲೆಕ್ಕ ಬಿಡಿಸಿ ಹೇಳುತ್ತೇನೆ. ಜಂಪಿಂಗ್ ಕುದುರೆಯ ಒಂದು ಕ್ಯಾಂಟರ್ ಹೆಜ್ಜೆ ಸುಮಾರು 3.6 ಮೀಟರ್. ತಡೆ ದಾಟಿ ಇಳಿಯಲು ಒಂದು 1.8, ಮುಂದಿನ ತಡೆಗೆ ಏಳಲು ಇನ್ನೊಂದು 1.8, ಎರಡೂ ಸೇರಿ ಮತ್ತೊಂದು ಹೆಜ್ಜೆಯಷ್ಟು. ಐದು ಹೆಜ್ಜೆಯ ಸಾಲು 22 ಮೀಟರ್ ಹತ್ತಿರ, ಆರು ಹೆಜ್ಜೆಯದು 25.5 ಹತ್ತಿರ. ಕೋರ್ಸ್ ಡಿಸೈನರ್ 23.5 ಇಟ್ಟರೆ? ಐದಕ್ಕೆ ಹೋದರೆ ಕುದುರೆ ಉದ್ದವಾಗಿ ಚಪ್ಪಟೆಯಾಗುತ್ತದೆ, ಆಕ್ಸರ್‌ನ ಹಿಂದಿನ ಕೋಲನ್ನು ಹಿಂಗಾಲು ಎಳೆಯುತ್ತದೆ. ಆರಕ್ಕೆ ಹಿಡಿದರೆ ತಡೆಯ ಬುಡಕ್ಕೆ ಬಂದು ಮುಂಗಾಲಿನಿಂದ ಮುಂದಿನ ಕೋಲು ಬೀಳುತ್ತದೆ. ಇದಕ್ಕೆ ನೀರಿನ ತಡೆ ಸೇರಿಸಿ: ನಾಲ್ಕು ಮೀಟರ್ ನೀರು ದಾಟಿದ ಕುದುರೆಯ ಹೆಜ್ಜೆ ಹಿಗ್ಗಿರುತ್ತದೆ. ಐದು ಹೆಜ್ಜೆಯೊಳಗೆ ಅದನ್ನು ಮಡಚಿ 1.60 ಮೀಟರ್‌ನ ವರ್ಟಿಕಲ್‌ಗೆ (ಅಗಲವಿಲ್ಲದ ನೇರ ತಡೆ) ತರಬೇಕು, ಅದೂ ಚಪ್ಪಟೆ ಕಪ್ ಮೇಲಿನ ಬಿಳಿ ಹಲಗೆ. ದೊಡ್ಡ ಫೈನಲ್‌ಗಳಲ್ಲಿ ಫಾಲ್ಟ್ ಬೀಳುವುದು ಇಂಥ ಜಾಗದಲ್ಲಿ.

ಸಮಯವೂ ಬಿಗಿಯಾಗಿದೆ. 520 ಮೀಟರ್ ಕೋರ್ಸ್‌ಗೆ ನಿಮಿಷಕ್ಕೆ 350 ಮೀಟರ್ ವೇಗವಿಟ್ಟರೆ 90 ಸೆಕೆಂಡ್ ಸಿಗುತ್ತದೆ, 400 ಇಟ್ಟರೆ 78. ಆ 12 ಸೆಕೆಂಡನ್ನು ತಿರುವು ಕತ್ತರಿಸಿಯೇ ಉಳಿಸಬೇಕು. ತಿರುವು ಕತ್ತರಿಸಿದರೆ ಕುದುರೆ ತಡೆಗೆ ಓರೆಯಾಗಿ ಬರುತ್ತದೆ, ಓರೆಯಾಗಿ ಬಂದರೆ ಒಂದು ಹೆಗಲು ಕೆಳಗಿಳಿಯುತ್ತದೆ, ಆ ಬದಿಯ ಮುಂಗಾಲು ಕೋಲಿಗೆ ತಾಗುತ್ತದೆ.

ಹಳೆಯ ಅಂಕಗಳನ್ನು ಓದುವಾಗ ಇನ್ನೊಂದು ಎಚ್ಚರ. ಆಗ ಮೊದಲ ನಿರಾಕರಣೆಗೆ (ಕುದುರೆ ಜಿಗಿಯದೆ ನಿಂತರೆ) 3 ಫಾಲ್ಟ್, ಕುದುರೆಯೋ ಸವಾರನೋ ಬಿದ್ದರೆ 8. ಈಗ ಮೊದಲ ನಿರಾಕರಣೆಗೆ 4, ಬಿದ್ದರೆ ಕಣದಿಂದ ಹೊರಗೆ. ಸಮಯ ಮೀರಿದರೆ ಹಿಂದೆ ಸೆಕೆಂಡಿಗೆ ಕಾಲು ಫಾಲ್ಟ್, ಆಮೇಲೆ ನಾಲ್ಕು ಸೆಕೆಂಡಿಗೆ ಒಂದು, ಈಗ ಸೆಕೆಂಡಿಗೆ ಒಂದು. 1978ರ ಆಖೆನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಡ್ಡಿ ಮ್ಯಾಕೆನ್ ಅವರ ಬೂಮರ್ಯಾಂಗ್ ಚಿನ್ನ ಕಳೆದುಕೊಂಡದ್ದು ಆ ಕಾಲು ಫಾಲ್ಟ್‌ನಿಂದಲೇ. 1964ರ ಟೋಕಿಯೊದಲ್ಲಿ ದೊರಿಯೊಲಾ ಅವರ ಲುಟೆರ್ ಬಿ 9 ಫಾಲ್ಟ್‌ಗೆ ಗೆದ್ದದ್ದನ್ನು ನಾಲ್ಕರಿಂದ ಭಾಗಿಸಿ ‘ಎರಡು ಕೋಲು ಚಿಲ್ಲರೆ’ ಅಂತ ಓದುವ ಹಾಗಿಲ್ಲ.

ಚೇತಕ

ನನ್ನ ಮತ ಹಲ್ಲಾಗೆ, ಎರಡನೇ ಯೋಚನೆ ಇಲ್ಲ.

1956ರಲ್ಲಿ ಆಸ್ಟ್ರೇಲಿಯದ ಕ್ವಾರಂಟೈನ್ ಕಾನೂನಿನಿಂದಾಗಿ ಕುದುರೆ ಪಂದ್ಯಗಳು ಮೆಲ್ಬೋರ್ನ್ ಬಿಟ್ಟು ಸ್ಟಾಕ್‌ಹೋಮ್‌ನಲ್ಲಿ ನಡೆದವು. ಹಾನ್ಸ್ ಗುಂಟರ್ ವಿಂಕ್ಲರ್‌ಗೆ ಮೊದಲ ಸುತ್ತಿನ ಕೊನೆಗೆ ತೊಡೆಸಂದಿಯ ಸ್ನಾಯು ಹರಿಯಿತು. ಆ ಸುತ್ತಿಗೆ 4 ಫಾಲ್ಟ್. ಎರಡನೇ ಸುತ್ತಿನಲ್ಲಿ ಅವರಿಂದ ಕಾಲು ಒತ್ತಲು ಆಗುತ್ತಿರಲಿಲ್ಲ, ತಡಿಯ ಮೇಲೆ ಸರಿಯಾಗಿ ಕೂರಲೂ ಆಗುತ್ತಿರಲಿಲ್ಲ. ದಾರಿ ತೋರಿಸಿದ್ದಷ್ಟೇ ಅವರ ಕೆಲಸ. ಹಲ್ಲಾ ಕ್ಲಿಯರ್ ಹೋದಳು. ಒಟ್ಟು 4. ರೈಮೊಂಡೊ ಅವರ ಮೆರಾನೊ 8, ಪಿಯೆರೊ ಅವರ ಉರುಗ್ವೆ 11. ವೈಯಕ್ತಿಕ ಚಿನ್ನ, ತಂಡದ ಚಿನ್ನ ಎರಡೂ. ನಾಲ್ಕು ವರ್ಷದ ಬಳಿಕ ರೋಮ್‌ನಲ್ಲಿ ಮತ್ತೆ ತಂಡದ ಚಿನ್ನ, ಆಗ ಅವಳಿಗೆ 15.

ಸವಾರನ ಪಾಲೆಷ್ಟು ಅಂತ ಆಕ್ಸರ್ ಅವರು ಕೇಳಿದ್ದಾರೆ. ಸವಾರ ಅರ್ಧ ಇಲ್ಲದ ಹಾಗೆ ಒಲಿಂಪಿಕ್ ಸುತ್ತು ಮುಗಿಸಿದ ಕುದುರೆ ಇವಳು. ತಂದೆ ಗಾಡಿ ಓಟದ ಟ್ರಾಟರ್ ತಳಿಯ ಓಬರ್ಸ್ಟ್, ಜಂಪಿಂಗ್‌ಗೆಂದು ಬೆಳೆಸಿದ ವಂಶವೇ ಅಲ್ಲ. ಆ ಹೆಸರನ್ನು ಇನ್ನಾವ ಕುದುರೆಗೂ ಇಡಬಾರದು ಅಂತ ಜರ್ಮನ್ ಫೆಡರೇಷನ್ ತೀರ್ಮಾನಿಸಿದ್ದು ಸುಮ್ಮನೆ ಅಲ್ಲ.

ನೀಲವೇಣಿ

ಚೇತಕ ಅವರೇ, ಹಲ್ಲಾ ದೊಡ್ಡ ಕುದುರೆ ಅನ್ನುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಸ್ಟಾಕ್‌ಹೋಮ್‌ನ ಎರಡನೇ ಸುತ್ತು ಪುರಾವೆಯಾಗಿ ಅರ್ಧ ಮಾತ್ರ ನಿಲ್ಲುತ್ತದೆ. ಅಂದು ಸವಾರಿ ಮಾಡಲಾಗದಿದ್ದರೂ, ಅದಕ್ಕೆ ಮುಂಚೆ ವರ್ಷಗಟ್ಟಲೆ ಅವಳನ್ನು ತಿದ್ದಿದವರು ವಿಂಕ್ಲರ್. ಕೈಗೆ ಸುಲಭವಾಗಿ ಬಗ್ಗದ ಆ ಕುದುರೆಯ ನಂಬಿಕೆ ಗಳಿಸಿದ್ದು ಅವರು. ಸವಾರನ ಕೆಲಸ ಕಣದೊಳಗಿನ 80 ಸೆಕೆಂಡಿನದಷ್ಟೇ ಅಲ್ಲವಲ್ಲ.

ಸವಾರನನ್ನು ಬೇರೆ ಮಾಡಿ ಕುದುರೆಯನ್ನು ಅಳೆಯಲು ನಮಗೆ ಎರಡು ಒಳ್ಳೆಯ ದಾರಿ ಇವೆ.

ಹಳೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೊನೆಯ ನಾಲ್ವರು ಕುದುರೆ ಬದಲಿಸಿಕೊಳ್ಳುತ್ತಿದ್ದರು. ಪ್ರತಿಯೊಬ್ಬರೂ ನಾಲ್ಕೂ ಕುದುರೆ ಹತ್ತಬೇಕು, ಪರಿಚಯಕ್ಕೆ ಸಿಗುವುದು ಕೆಲವೇ ನಿಮಿಷ. 1950ರ ದಶಕದಿಂದ 2014ರವರೆಗೆ ಈ ಪದ್ಧತಿ ಇತ್ತು, 2018ರ ಟ್ರಯಾನ್ ಚಾಂಪಿಯನ್‌ಷಿಪ್ ಹೊತ್ತಿಗೆ ತೆಗೆದರು. 1990ರ ಸ್ಟಾಕ್‌ಹೋಮ್ ಫೈನಲ್‌ನಲ್ಲಿದ್ದದ್ದು ಎರಿಕ್ ನವೆ ಅವರ ಕೀಟೊ ದ ಬೋಸಿ, ಜಾನ್ ವಿಟೇಕರ್ ಅವರ ಮಿಲ್ಟನ್, ಹ್ಯೂಬರ್ ಬುರ್ದಿ ಅವರ ಮೊರ್ಗಾ, ಗ್ರೆಗ್ ಬೆಸ್ಟ್ ಅವರ ಜೆಮ್ ಟ್ವಿಸ್ಟ್. ಚಿನ್ನ ನವೆಗೆ, ಬೆಳ್ಳಿ ವಿಟೇಕರ್‌ಗೆ, ನಾಲ್ಕನೇ ಸ್ಥಾನ ಬೆಸ್ಟ್‌ಗೆ. ಶ್ರೇಷ್ಠ ಕುದುರೆಯ ಗೌರವ ಮಾತ್ರ ಜೆಮ್ ಟ್ವಿಸ್ಟ್‌ಗೆ! ಪದಕದ ಪಟ್ಟಿ ಓದುವವರಿಗೆ ಇದು ಕಾಣುವುದೇ ಇಲ್ಲ. 2010ರ ಕೆಂಟಕಿಯಲ್ಲೂ ಹೀಗೇ: ಎರಿಕ್ ಲಮೇಜ್‌ಗೆ ಕಂಚು, ಅವರ ಹಿಕ್‌ಸ್ಟೆಡ್‌ಗೆ ಶ್ರೇಷ್ಠ ಕುದುರೆಯ ಗೌರವ.

ಎರಡನೇ ದಾರಿ, ಸವಾರ ಬದಲಾದ ಮೇಲೂ ಗೆದ್ದ ಕುದುರೆಗಳು. ಇಲ್ಲಿ ರತಿನಾ ಜಡ್ ಮುಂದೆ ನಿಲ್ಲುವವರು ಕಡಿಮೆ. 1992ರ ಬಾರ್ಸಿಲೋನಾದಲ್ಲಿ ನೆದರ್‌ಲೆಂಡ್ಸ್‌ನ ಪೀಟ್ ರೇಮಾಕರ್ಸ್ ಜತೆ ತಂಡದ ಚಿನ್ನ, ವೈಯಕ್ತಿಕ ಬೆಳ್ಳಿ. ಮುಂದೆ ಜರ್ಮನಿಯ ಲುಡ್ಗರ್ ಬೇರ್‌ಬೌಮ್ ಜತೆ 1993ರ ವಿಶ್ವಕಪ್, 1994ರ ವಿಶ್ವ ತಂಡ ಚಿನ್ನ, 1996ರ ಅಟ್ಲಾಂಟಾ ತಂಡ ಚಿನ್ನ, 1997ರ ಯುರೋಪಿಯನ್ ಪ್ರಶಸ್ತಿ. ಎರಡು ದೇಶ, ಎರಡು ಬಗೆಯ ಸವಾರಿ, ಐದು ವರ್ಷ. ನನ್ನ ಪಟ್ಟಿಯ ತಲೆಯಲ್ಲಿ ಅವಳೇ.

ಆಕ್ಸರ್

> ಪದಕದ ಪಟ್ಟಿ ಓದುವವರಿಗೆ ಇದು ಕಾಣುವುದೇ ಇಲ್ಲ.

ನೀಲವೇಣಿ ಮೇಡಂ, ಕುದುರೆ ಬದಲಾವಣೆಯ ಫೈನಲ್ ಒಂದು ಗುಣವನ್ನು ಮಾತ್ರ ಚೆನ್ನಾಗಿ ಅಳೆಯುತ್ತದೆ: ಹೊಸ ಕೈಗೆ ಬಗ್ಗುವ ಸ್ವಭಾವ. ತೀರ ಸೂಕ್ಷ್ಮ ಕುದುರೆಗಳು ಅಲ್ಲಿ ಹಿಂದೆ ಬೀಳುತ್ತವೆ, ಆ ಸೂಕ್ಷ್ಮತೆಯೇ ಅವುಗಳ ಬಲವಾಗಿದ್ದರೂ. ಮೆರೆಡಿತ್ ಮೈಕೇಲ್ಸ್-ಬೇರ್‌ಬೌಮ್ ಅವರ ಶಟರ್‌ಫ್ಲೈ ನೋಡಿ. ಬೆದರುವ ಸ್ವಭಾವದ ಆ ಕುದುರೆ ಒಬ್ಬ ಸವಾರಳ ಕೈಯಲ್ಲಿ 2005, 2008, 2009ರಲ್ಲಿ ವಿಶ್ವಕಪ್ ಗೆದ್ದಿತು. ಕೊನೆಯದರ ಹೊತ್ತಿಗೆ ವಯಸ್ಸು 16.

ಮಿಲ್ಟನ್ ವಿಷಯ. 1977ರಲ್ಲಿ ಹುಟ್ಟಿದ ಬೂದು ಗೆಲ್ಡಿಂಗ್ (ಬೀಜ ತೆಗೆದ ಗಂಡು), ತಂದೆ ಮೇರಿಯಸ್. ಎಳೆಯ ಕುದುರೆಯನ್ನು ತಿದ್ದಿದವರು ಕ್ಯಾರೊಲಿನ್ ಬ್ರಾಡ್ಲಿ. 1983ರಲ್ಲಿ ಅವರು ತೀರಿಕೊಂಡರು, ಮಾಲೀಕರಾದ ಅವರ ತಂದೆತಾಯಿ ಅದನ್ನು ಜಾನ್ ವಿಟೇಕರ್‌ಗೆ ಒಪ್ಪಿಸಿದರು. 1987ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಜಾಪ್ಲೂ ಎಂಬ ಕುದುರೆಯ ಹಿಂದೆ ಬೆಳ್ಳಿ, 1989ರ ರಾಟರ್‌ಡ್ಯಾಮ್‌ನಲ್ಲಿ ಚಿನ್ನ, 1990 ಮತ್ತು 1991ರ ವಿಶ್ವಕಪ್. ರೇಸ್ ಕುದುರೆಗಳನ್ನು ಬಿಟ್ಟರೆ ಹತ್ತು ಲಕ್ಷ ಪೌಂಡ್ ಬಹುಮಾನ ದಾಟಿದ ಮೊದಲ ಕುದುರೆ. ಒಲಿಂಪಿಕ್ ಪದಕ ಇಲ್ಲ. ಇಷ್ಟಾದರೂ ವರ್ಷದ ಮೇಲೆ ವರ್ಷ, ಒಳಾಂಗಣ ಹೊರಾಂಗಣ ಎರಡರಲ್ಲೂ, ತನ್ನ ಕಾಲದ ಹಲವು ದೊಡ್ಡ ಕೋರ್ಸ್‌ಗಳಲ್ಲಿ ಮೊದಲ ಎರಡು ಮೂರರೊಳಗೆ ಇದ್ದ ಕುದುರೆಯನ್ನು ಕೆಳಗಿಡಲು ನನಗೆ ಕಾರಣ ಕಾಣುವುದಿಲ್ಲ.

ಲಾಳ

ಎಲ್ಲರೂ ತಡೆಯ ಮೇಲ್ಭಾಗ ನೋಡುತ್ತಿದ್ದೀರಿ. ಕೆಳಗಿನ ನೆಲದ ಬಗ್ಗೆಯೂ ಸ್ವಲ್ಪ.

ಹಲ್ಲಾ, ಪೋನಿ ಸ್ಟ್ರೋಲರ್, ವಾರ್ವಿಕ್ ರೆಕ್ಸ್ ಜಿಗಿದದ್ದು ಹುಲ್ಲಿನ ಮೇಲೆ. ಹುಲ್ಲಿಗೆ ಲಾಳದಲ್ಲಿ ತೂತು ಕೊರೆದು ಸ್ಟಡ್ ತಿರುಗಿಸಬೇಕು. ಗಟ್ಟಿ ನೆಲಕ್ಕೆ ಸಣ್ಣ ಚೂಪಾದದ್ದು, ಮಳೆ ನೆಲಕ್ಕೆ ಉದ್ದ ಮೊಂಡಾದದ್ದು. ಸಣ್ಣದಾದರೆ ಏಳುವ ಹೆಜ್ಜೆಯಲ್ಲಿ ಹಿಂಗಾಲು ಜಾರುತ್ತದೆ, ಕುದುರೆ ಮುಂದಿನ ತಡೆಗೆ ಮೈ ತಡೆಯುತ್ತದೆ. ಉದ್ದವಾದರೆ ಇಳಿದ ಕ್ಷಣ ಗೊರಸು ನೆಲಕ್ಕೆ ಕಚ್ಚಿ ನಿಲ್ಲುತ್ತದೆ, ಮೇಲಿನ ಭಾರವೆಲ್ಲ ಮುಂಗಾಲಿನ ಸ್ನಾಯುರಜ್ಜಿನ ಮೇಲೆ. ದಿನದ ಮೊದಲ ಕುದುರೆಗೆ ಸಿಕ್ಕ ನೆಲ ಐವತ್ತನೆಯದಕ್ಕೆ ಸಿಗುತ್ತಿರಲಿಲ್ಲ. ಏಳುವ ಜಾಗ ಕೆಸರಾಗಿರುತ್ತಿತ್ತು.

ಈಗ ನಾರು ಬೆರೆಸಿದ ಮರಳು. ನೀರು ಅಳತೆಯಲ್ಲಿ ಹಾಕುತ್ತಾರೆ, ಸುತ್ತುಗಳ ನಡುವೆ ಹರಗುತ್ತಾರೆ, ಕೊನೆಯ ಕುದುರೆಗೂ ಹೆಚ್ಚುಕಡಿಮೆ ಅದೇ ಹಿಡಿತ. ಆದ್ದರಿಂದಲೇ ಟೋಕಿಯೊದಲ್ಲಿ ಸ್ವೀಡನ್‌ನ ಆಲ್ ಇನ್, ಕಿಂಗ್ ಎಡ್ವರ್ಡ್ ಲಾಳವೇ ಇಲ್ಲದೆ ಜಿಗಿದು ತಂಡದ ಚಿನ್ನ ತಂದವು. 1956ರ ಹುಲ್ಲಿನ ಮೇಲೆ ಅದು ಆಗದ ಮಾತು. ಟೋಕಿಯೊ ವೇಗವನ್ನು ಸ್ಟಾಕ್‌ಹೋಮ್‌ನೊಂದಿಗೆ ಹೋಲಿಸುವವರು ಇದನ್ನು ಮೊದಲು ಕಳೆಯಬೇಕು.

ಹಿಂಗಾಲಿನ ಬೂಟು ಇನ್ನೊಂದು. ಬಿಗಿಯಾಗಿ ಕಟ್ಟಿ ಒತ್ತಡ ಕೊಡುವ ಬೂಟು ಹಾಕಿದರೆ ಕುದುರೆ ಹಿಂಗಾಲನ್ನು ಅಸಹಜವಾಗಿ ಮೇಲಕ್ಕೆ, ಹಿಂದಕ್ಕೆ ಒದೆಯುತ್ತದೆ. ಹಿಂದಿನ ಕೋಲು ಉಳಿಯುತ್ತದೆ, ಸೊಂಟ ಬೆನ್ನಿಗೆ ಕೇಡು. ಹಂತ ಹಂತವಾಗಿ ನಿಷೇಧ ತಂದು 2021ರಿಂದ ಎಲ್ಲ ಅಂತಾರಾಷ್ಟ್ರೀಯ ಜಂಪಿಂಗ್‌ಗೂ ಅನ್ವಯಿಸಿದರು. ಹೆನ್ರಿಕ್ ಫಾನ್ ಎಕರ್‌ಮನ್ ಅವರ ಕಿಂಗ್ ಎಡ್ವರ್ಡ್ 2022ರ ಹೆರ್ನಿಂಗ್ ವಿಶ್ವ ಪ್ರಶಸ್ತಿ, 2023 ಮತ್ತು 2024ರ ವಿಶ್ವಕಪ್ ಗೆದ್ದದ್ದು ಈ ನಿಯಮ ಬಂದ ಮೇಲೆ. ನನ್ನ ಲೆಕ್ಕದಲ್ಲಿ ಅದಕ್ಕೆ ಹೆಚ್ಚಿನ ತೂಕ.

ಮಲೆನಾಡು ಸವಾರ

ಚರ್ಚೆ ಚೆನ್ನಾಗಿದೆ. ಓದುವವರಲ್ಲಿ ಹಲವರಿಗೆ ಬೆಂಗಳೂರಿನ ಫವಾದ್ ಮಿರ್ಜಾ ಅವರ ಟೋಕಿಯೊ ಆಟ ನೆನಪಿರಬಹುದು. ಸೆನ್ಯೋರ್ ಮೆಡಿಕಾಟ್ ಮೇಲೆ 23ನೇ ಸ್ಥಾನ. ಅದು ಈವೆಂಟಿಂಗ್ (ಡ್ರೆಸಾಜ್, ಕ್ರಾಸ್‌ಕಂಟ್ರಿ, ಜಂಪಿಂಗ್ ಮೂರೂ ಸೇರಿದ ಆಟ), ಕೊನೆಯ ದಿನದ ಜಂಪಿಂಗ್ ಎತ್ತರ 1.30 ಮೀಟರ್. ಇಲ್ಲಿ ಮಾತಾಡುತ್ತಿರುವುದು 1.60ರ ಬಗ್ಗೆ. ಈ 30 ಸೆಂಟಿಮೀಟರ್‌ನಿಂದ ಅಷ್ಟು ವ್ಯತ್ಯಾಸ ಯಾಕೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ? ಮತ್ತೆ ಕುದುರೆಯ ಗಾತ್ರ ಎಷ್ಟು ಮುಖ್ಯ? ಕಾಲ ಕಾಲಕ್ಕೆ ಅದೂ ಬದಲಾಗಿದೆಯಾ?

ತಡೆಗಾರ

1.30ರಲ್ಲಿ ಕುದುರೆ ಒಂದಿಷ್ಟು ಹತ್ತಿರ ಬಂದರೂ, ದೂರದಿಂದ ಎದ್ದರೂ ತನ್ನ ಬಲದಿಂದ ಸರಿಮಾಡಿಕೊಳ್ಳಬಹುದು. 1.60 ಎತ್ತರ, ಎರಡು ಮೀಟರ್ ಹತ್ತಿರದ ಅಗಲ ಸೇರಿದ ಆಕ್ಸರ್‌ನಲ್ಲಿ ಏಳುವ ಜಾಗ ಕಿರಿದಾಗುತ್ತದೆ. ಅದರೊಳಗೆ ಬರದಿದ್ದರೆ ಮುಂದಿನದೋ ಹಿಂದಿನದೋ ಒಂದು ಕೋಲು ಹೋಗುತ್ತದೆ. ಈವೆಂಟಿಂಗ್ ಕುದುರೆಗೆ ಹಿಂದಿನ ದಿನದ ಕ್ರಾಸ್‌ಕಂಟ್ರಿ ಆಯಾಸವೂ ಇರುತ್ತದೆ, ಅದು ಬೇರೆಯೇ ಪರೀಕ್ಷೆ.

ಗಾತ್ರದ ಬಗ್ಗೆ: ಕೆನಡಾದ ಇಯಾನ್ ಮಿಲ್ಲರ್ ಅವರ ಬಿಗ್ ಬೆನ್ ಹೆಗಲಿಗೆ ಸುಮಾರು 180 ಸೆಂ.ಮೀ., 1988, 1989ರ ವಿಶ್ವಕಪ್. ಪಿಯೆರ್ ದ್ಯುರಾಂ ಅವರ ಜಾಪ್ಲೂ 158 ಸೆಂ.ಮೀ., 1988ರ ಸೋಲ್ ಚಿನ್ನ. ಒಂದೇ ವರ್ಷ, ಎರಡೂ ಗೆದ್ದವು. ದೊಡ್ಡ ಕುದುರೆಗೆ ಬಿಗಿ ಕಾಂಬಿನೇಷನ್‌ನಲ್ಲಿ (ಒಂದೆರಡು ಹೆಜ್ಜೆ ಅಂತರದ ಸಾಲು ತಡೆ) ಜಾಗ ಸಾಲದು, ಒಂದು ಹೆಜ್ಜೆಯ 7.6 ಮೀಟರ್‌ನೊಳಗೆ ಅದು ಮೈ ಮಡಚಬೇಕು. ಚಿಕ್ಕದಕ್ಕೆ ಅದೇ ಜಾಗ ಹಿತ, ಆದರೆ 8 ಮೀಟರ್ ಇಟ್ಟು ಕೊನೆಯಲ್ಲಿ ಅಗಲದ ಆಕ್ಸರ್ ಕೊಟ್ಟರೆ ಮೈಯೆಲ್ಲ ಚಾಚಬೇಕು.

ಹಾಗಾಗಿ ಗಾತ್ರಕ್ಕೆ ತಕ್ಕ ಸಾಧನೆ ಅಂತ ಲೆಕ್ಕ ಹಾಕಿದರೆ ಮರಿಯನ್ ಕೋಕ್ಸ್ ಅವರ ಸ್ಟ್ರೋಲರ್ ಎಲ್ಲರಿಗಿಂತ ಮೇಲೆ. ಸುಮಾರು 145 ಸೆಂ.ಮೀ. ಎತ್ತರದ ಪೋನಿ. 1967ರಲ್ಲಿ ಇಂಗ್ಲೆಂಡಿನ ಹಿಕ್‌ಸ್ಟೆಡ್ ಡರ್ಬಿ ಗೆದ್ದಿತು, ಅಲ್ಲಿನ ಮಣ್ಣು ದಿಬ್ಬವೇ 3.2 ಮೀಟರ್, ಅದರ ಮೇಲಿಂದ ಇಳಿದು ಕೆಳಗಿನ ತಡೆಗೆ ಹೋಗಬೇಕು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲಿ ಕ್ಲಿಯರ್ ಹೋದವು ಎರಡೇ: ಬಿಲ್ ಸ್ಟೈನ್‌ಕ್ರೌಸ್ ಅವರ ಸ್ನೋಬೌಂಡ್ ಮತ್ತು ಈ ಪೋನಿ. ಕೊನೆಗೆ ಸ್ನೋಬೌಂಡ್ 4, ಸ್ಟ್ರೋಲರ್ 8, ಬ್ರೂಮ್ ಅವರ ಮಿಸ್ಟರ್ ಸಾಫ್ಟಿ 12.

ವಂಶವೃಕ್ಷ

ತಳಿಯ ಬದಲಾವಣೆ ಸೇರಿಸದೆ ಕಾಲಗಳ ಹೋಲಿಕೆ ಪೂರ್ತಿಯಾಗುವುದಿಲ್ಲ. ಹಲ್ಲಾ, ಜಾಪ್ಲೂ ಇಬ್ಬರ ತಂದೆಯೂ ಟ್ರಾಟರ್. ಸ್ನೋಬೌಂಡ್, ಟಚ್ ಆಫ್ ಕ್ಲಾಸ್, ಜೆಮ್ ಟ್ವಿಸ್ಟ್ ಥರೋಬ್ರೆಡ್. ಇವು ರೇಸ್‌ಗೋ ಗಾಡಿಗೋ ಬೆಳೆಸಿದ ರಕ್ತದಿಂದ ಆಕಸ್ಮಿಕವಾಗಿ ಸಿಕ್ಕ ಜಿಗಿತಗಾರರು. ಟಚ್ ಆಫ್ ಕ್ಲಾಸ್ ರೇಸ್‌ನಲ್ಲಿ ಒಂದೂ ಗೆದ್ದಿರಲಿಲ್ಲ. 1984ರ ಲಾಸ್ ಏಂಜಲೀಸ್‌ನಲ್ಲಿ ಬರ್ಟ್ ಡಿ ನೆಮೆತಿ ಕಟ್ಟಿದ ಕೋರ್ಸ್‌ಗಳಲ್ಲಿ ಜೋ ಫಾರ್ಗಿಸ್ ಜತೆ 91 ತಡೆಗಳಲ್ಲಿ 90 ಕ್ಲಿಯರ್, ಎರಡು ಚಿನ್ನ.

ಎಪ್ಪತ್ತರ ದಶಕದಿಂದ ಜರ್ಮನಿಯ ಹೋಲ್‌ಸ್ಟೈನ್‌ನಲ್ಲಿ ಕೊರ್ ದ ಲಾ ಬ್ರಿಯೆರ್, ಲಾಂಡ್‌ಗ್ರಾಫ್, ಕ್ಯಾಪಿಟೋಲ್, ಫ್ರಾನ್ಸ್ ಮತ್ತು ಬೆಲ್ಜಿಯಂ ಕಡೆ ಅಲ್ಮೆ, ಹೀಗೆ ಬೀಜದ ಕುದುರೆಗಳ ಸಾಲುಗಳು ಬೆಳೆದವು. ಜಂಪಿಂಗ್‌ಗಾಗಿಯೇ ತಲೆಮಾರುಗಟ್ಟಲೆ ಆಯ್ದ ರಕ್ತ. ರತಿನಾಳ ತಂದೆ ರಾಮಿರೊ, ತಾಯಿಯ ತಂದೆ ಅಲ್ಮೆ. ಎಕ್ಸ್‌ಪ್ಲೋಶನ್ ಡಬ್ಲ್ಯು ತಂದೆ ಚಾಕೊ-ಬ್ಲೂ, ತಾಯಿಯ ತಂದೆ ಬಲೂಬೆ ದು ರುವೆ. ಇಂದು ಫೈನಲ್‌ಗೆ ಬರುವ ಬಹುಪಾಲು ಕುದುರೆಗಳು ಇಂಥ ದೊಡ್ಡ ಹೆಸರುಗಳ ಸಂತಾನ. ಆದ್ದರಿಂದಲೇ ಅಂತರ 12 ಫಾಲ್ಟ್‌ನಿಂದ 0.17 ಸೆಕೆಂಡಿಗೆ ಇಳಿಯಿತು. ಮಾಂಟ್ರಿಯಲ್‌ನ 12ರ ಅಂತರ ವಾರ್ವಿಕ್ ರೆಕ್ಸ್ ಎಷ್ಟು ಎತ್ತರದ ಕುದುರೆ ಅನ್ನುವುದನ್ನೂ, ಉಳಿದ ಕುದುರೆಗಳ ಮಟ್ಟ ಎಷ್ಟು ಏರುಪೇರಾಗಿತ್ತು ಅನ್ನುವುದನ್ನೂ ಒಟ್ಟಿಗೇ ಹೇಳುತ್ತದೆ. ಆಕ್ಸರ್ ಅವರ ಮೊದಲ ಅಳತೆಗೆ ಇದೇ ನನ್ನ ಆಕ್ಷೇಪ: ಅಂತರದಿಂದ ಅಳೆದರೆ ಹಳೆಯ ಕುದುರೆಗಳೇ ಸದಾ ಮೇಲೆ ಬರುತ್ತವೆ.

ಸಂತಾನವನ್ನೂ ಎಣಿಸಬೇಕು ಅನ್ನುವುದು ನನ್ನ ನಿಲುವು. ಹಾಗೆ ಎಣಿಸಿದರೆ ಬಲೂಬೆಗೆ ಸಮ ಯಾರೂ ಇಲ್ಲ. ರೊಡ್ರಿಗೊ ಪೆಸೊವಾ ಜತೆ 1998, 1999, 2000, ಸತತ ಮೂರು ವಿಶ್ವಕಪ್. 2004ರ ಅಥೆನ್ಸ್‌ನಲ್ಲಿ ಬೆಳ್ಳಿ, ಚಿನ್ನ ಗೆದ್ದ ಕುದುರೆ ಔಷಧ ಪರೀಕ್ಷೆಯಲ್ಲಿ ಅನರ್ಹವಾದ ಮೇಲೆ ಅದು ಚಿನ್ನವಾಯಿತು.

ಚೇತಕ

ವಂಶವೃಕ್ಷ ಅವರೇ, ಬಲೂಬೆ 2000ದ ಸಿಡ್ನಿ ಫೈನಲ್ ಸುತ್ತಿನಲ್ಲಿ ಮೂರು ಸಲ ನಿರಾಕರಿಸಿ ಹೊರಬಿತ್ತು. ಅತಿದೊಡ್ಡ ದಿನ ನಿಂತುಬಿಟ್ಟ ಕುದುರೆಯನ್ನು, ನೋವಿನ ಸವಾರನನ್ನು ಹೊತ್ತು ಮುಗಿಸಿದ ಕುದುರೆಯ ಮೇಲಿಡುವುದು ನನಗೆ ಒಪ್ಪಿಗೆಯಿಲ್ಲ. ಮತ್ತೆ ಸಂತಾನ ಎಣಿಸುವುದಾದರೆ ಮಿಲ್ಟನ್, ಶಟರ್‌ಫ್ಲೈ, ಬಿಗ್ ಬೆನ್ ಎಲ್ಲ ಗೆಲ್ಡಿಂಗ್‌ಗಳು, ಅವು ಸ್ಪರ್ಧೆಯಲ್ಲೇ ಇಲ್ಲದ ಹಾಗಾಯಿತು. ಕಣದ ಸಾಧನೆ ಬೇರೆ, ಲಾಯದ ಸಾಧನೆ ಬೇರೆ.

ತಡೆಗಾರ

ನಿರಾಕರಣೆಯನ್ನು ಹೇಡಿತನ ಅಂತ ಓದಬೇಡಿ. ಸಿಡ್ನಿಯ ಆ ದಿನ ಬಲೂಬೆಯ ತಲೆಯಲ್ಲಿ ಏನಿತ್ತು ಅಂತ ಯಾರೂ ಹೇಳಲಾರರು, ಸಾಮಾನ್ಯವಾಗಿ ನಡೆಯುವುದು ಹೇಳುತ್ತೇನೆ. ಹಗುರ ಕೋಲು, ತೆಳು ಕಪ್ ಬಂದ ಮೇಲೆ ಬೇಕಾದದ್ದು ಕೋಲಿಗೆ ತಾಗುವುದನ್ನೇ ಸಹಿಸದ ಕುದುರೆ. ಅಂಥ ಕುದುರೆ ನಾಲ್ಕೈದು ದಿನದಲ್ಲಿ ಐದಾರು ದೊಡ್ಡ ಸುತ್ತು ಜಿಗಿಯಬೇಕು. ಒಮ್ಮೆ ಜೋರಾಗಿ ತಾಗಿದರೆ ಅಥವಾ ಕಾಂಬಿನೇಷನ್ ನಡುವೆ ಹೆಜ್ಜೆ ತಪ್ಪಿದರೆ ಅದಕ್ಕೆ ಮುಂದಿನದರ ಮೇಲೆ ಸಂಶಯ. ದೂರ ಕಾಣದಿದ್ದರೆ ನಿಲ್ಲುತ್ತದೆ. ಒರಟು ಕುದುರೆ ಅದೇ ಜಾಗದಲ್ಲಿ ಮೈ ಹಾಕಿ ಕೋಲು ಮುರಿದು ಹೋಗುತ್ತದೆ, 4 ಫಾಲ್ಟ್‌ನೊಂದಿಗೆ ಪಾರು. ಐವತ್ತರ ದಶಕ ಎರಡನೆಯ ಬಗೆಯನ್ನು ಕ್ಷಮಿಸುತ್ತಿತ್ತು, ಇಂದಿನ ಕೋರ್ಸ್ ಕ್ಷಮಿಸುವುದಿಲ್ಲ. ಎರಡೂ ಗುಣ ಒಂದೇ ಮೈಯಲ್ಲಿ ಇರುವುದು ಅಪರೂಪ: ತಾಗಬಾರದೆಂಬ ಎಚ್ಚರ, ತಾಗಿದರೂ ಮುಂದಕ್ಕೆ ಹೋಗುವ ಧೈರ್ಯ.

ಆ ಎರಡೂ ಇದ್ದ ಇತ್ತೀಚಿನ ಕುದುರೆ ಅಂದರೆ ನನಗೆ ಆಲ್ ಇನ್. ಟೋಕಿಯೊದಲ್ಲಿ ಸಾಂಟಿಯಾಗೊ ವರೇಲಾ ಕಟ್ಟಿದ ಕೋರ್ಸ್‌ಗಳಲ್ಲಿ ಎಲ್ಲ ಸುತ್ತು ಸೇರಿ ಒಂದು ಕೋಲೂ ಬೀಳಿಸಲಿಲ್ಲ. ತಂಡದ ಫೈನಲ್ ಅಮೆರಿಕದ ಜತೆ ಸಮವಾಗಿ ಜಂಪ್-ಆಫ್‌ಗೆ ಹೋದಾಗಲೂ ಇಲ್ಲ. ರಿಯೊದಲ್ಲಿ ಬೆಳ್ಳಿ, ಟೋಕಿಯೊದಲ್ಲಿ ಬೆಳ್ಳಿ. ಚಿನ್ನ ಎಣಿಸುವವರ ಪಟ್ಟಿಯಲ್ಲಿ ಕೆಳಗೆ, ಕೋಲು ಎಣಿಸುವವರ ಪಟ್ಟಿಯಲ್ಲಿ ತುತ್ತತುದಿ.

ಮಲೆನಾಡು ಸವಾರ

ಹಳೆಯ ಫಿಲಂ, ಹೊಸ ವಿಡಿಯೊ ಇಟ್ಟುಕೊಂಡು ನಾವೇ ಹೋಲಿಸಬೇಕೆಂದರೆ ಏನು ಗಮನಿಸಬೇಕು? ಜತೆಗೆ ಹುವಾಸೊ ಅನ್ನುವ ಕುದುರೆ 2.47 ಮೀಟರ್ ಎತ್ತರ ಜಿಗಿದ ದಾಖಲೆಯನ್ನು ಯಾರೂ ತೆಗೆದಿಲ್ಲವಲ್ಲ?

ನೀಲವೇಣಿ

ಹುವಾಸೊ ದಾಖಲೆ 1949ರ ಫೆಬ್ರವರಿ 5ರದು, ಚಿಲಿಯ ವಿನ್ಯಾ ದೆಲ್ ಮಾರ್‌ನಲ್ಲಿ, ಕ್ಯಾಪ್ಟನ್ ಅಲ್ಬರ್ಟೊ ಲರಾಗಿಬೆಲ್ ಸವಾರಿ. ಇಂದಿಗೂ ಮುರಿದಿಲ್ಲ. ಆದರೆ ಅದು ಒಂದೇ ತಡೆ, ಏಳುವ ಕಡೆಗೆ ಇಳಿಜಾರಾಗಿ ಕಟ್ಟಿದ್ದು. ಹದಿಮೂರು ತಡೆ, ಎರಡು ಕಾಂಬಿನೇಷನ್, ಗಡಿಯಾರ ಎಲ್ಲ ಇರುವ ಆಟದ ಜತೆ ಇಡಲಾಗದು.

ವಿಡಿಯೊ ನೋಡುವ ಕ್ರಮ ಹೀಗೆ. ಧ್ವನಿ ಆರಿಸಿ. ಮೊದಲ ನೋಟದಲ್ಲಿ ಸಾಲುಗಳ ನಡುವಿನ ಹೆಜ್ಜೆ ಮಾತ್ರ ಎಣಿಸಿ. ಅದೇ ಸಾಲಿಗೆ ಬೇರೆ ಮೂರು ನಾಲ್ಕು ಕುದುರೆಗಳ ಎಣಿಕೆಯನ್ನೂ ಬರೆದುಕೊಳ್ಳಿ. ಒಂದು ಹೆಜ್ಜೆ ಕಡಿಮೆ ತೆಗೆದುಕೊಂಡೂ ಕ್ಲಿಯರ್ ಹೋದ ಕುದುರೆಗೆ ಹೆಜ್ಜೆಯಲ್ಲಿ ಉಳಿತಾಯವಿದೆ ಅಂತ ಅರ್ಥ. ಎರಡನೇ ನೋಟದಲ್ಲಿ ತಡೆಯ ಮೇಲೆ ಚಿತ್ರ ನಿಲ್ಲಿಸಿ: ಮುಂಗಾಲಿನ ಮೊಣಕಾಲು ಕೋಲಿಗಿಂತ ಎಷ್ಟು ಮೇಲಿದೆ, ಎರಡೂ ಸಮವಾಗಿ ಮಡಚಿದೆಯೇ, ಹೆಗಲಿನ ಬುಡದಲ್ಲಿ ಬೆನ್ನು ಬಾಗಿದೆಯೇ, ಹಿಂಗಾಲು ತಾನಾಗಿ ತೆರೆಯಿತೇ ಅಥವಾ ಮೇಲಕ್ಕೆ ಒದೆಯಿತೇ. ಮೂರನೇ ನೋಟ ಸವಾರನ ಕೈ: ಕೊನೆಯ ಮೂರು ಹೆಜ್ಜೆಯಲ್ಲಿ ಎಷ್ಟು ಸಲ ಲಗಾಮು ಎಳೆದರು. ಎಳೆತ ಕಡಿಮೆಯಿದ್ದಷ್ಟೂ ದೂರ ಹುಡುಕಿದ್ದು ಕುದುರೆ.

ಒಂದು ಎಚ್ಚರ: ಹಳೆಯ ಮೂಕ ಫಿಲಂಗಳು ಹಲವು ಸಲ ನಿಜಕ್ಕಿಂತ ವೇಗವಾಗಿ ಓಡುತ್ತವೆ, ಗಡಿಯಾರ ಹಿಡಿದು ಅಳೆಯಲು ಹೋಗಬೇಡಿ. ಹೆಜ್ಜೆ ಎಣಿಕೆಗೆ ಮಾತ್ರ ಆ ತೊಂದರೆ ಇಲ್ಲ.

ಆಕ್ಸರ್

ವಂಶವೃಕ್ಷ ಅವರ ಆಕ್ಷೇಪ ಗಟ್ಟಿಯಾಗಿದೆ. ಅದಕ್ಕೆ ಪರಿಹಾರವಾಗಿ ಹೀಗೆ ಮಾಡಬಹುದು: ಅಂತರವನ್ನು ಎರಡನೇ ಸ್ಥಾನದಿಂದ ಅಳೆಯದೆ, ಅದೇ ಸುತ್ತನ್ನು ಮುಗಿಸಿದ ಮೊದಲ ಹತ್ತು ಕುದುರೆಗಳ ಸರಾಸರಿಯಿಂದ ಅಳೆಯೋಣ. ನಿರಾಕರಣೆ, ಸಮಯದ ಫಾಲ್ಟ್ ತೆಗೆದು, ಬಿದ್ದ ಕೋಲು ಮಾತ್ರ ಎಣಿಸೋಣ, ಆಗ ನಿಯಮ ಬದಲಾವಣೆಯ ಗೊಂದಲ ಬಹಳಷ್ಟು ಇಳಿಯುತ್ತದೆ. ಒಂದೇ ಪಂದ್ಯ ಸಾಲದು, ಕನಿಷ್ಠ ಮೂರು ಚಾಂಪಿಯನ್‌ಷಿಪ್ ಬೇಕು. ಈ ಷರತ್ತಿಗೆ ಟಚ್ ಆಫ್ ಕ್ಲಾಸ್ ಹೊರಬೀಳಬಹುದು, ರತಿನಾ, ಮಿಲ್ಟನ್, ಹಲ್ಲಾ, ಬಲೂಬೆ, ಆಲ್ ಇನ್ ಉಳಿಯುತ್ತವೆ. ಎಕ್ಸ್‌ಪ್ಲೋಶನ್‌ಗೆ ಟೋಕಿಯೊ ಚಿನ್ನ, 2019ರ ರಾಟರ್‌ಡ್ಯಾಮ್ ಯುರೋಪಿಯನ್ ಬೆಳ್ಳಿ ಇದೆ, ಜಂಪ್-ಆಫ್ ವೇಗದಲ್ಲಿ ಎದುರಿಲ್ಲ, ಆದರೆ ಚಾಂಪಿಯನ್‌ಷಿಪ್ ಸಂಖ್ಯೆ ಕಡಿಮೆ.

ನನ್ನ ಕ್ರಮ: ಮಿಲ್ಟನ್, ರತಿನಾ, ಹಲ್ಲಾ. ರತಿನಾ ಎರಡನೆಯದಾಗಲು ಕಾರಣ 1992ರ ವೈಯಕ್ತಿಕ ಚಿನ್ನ ಕ್ಲಾಸಿಕ್ ಟಚ್‌ಗೆ ಹೋದದ್ದು, ಬೇರೇನೂ ಇಲ್ಲ.

ನೀಲವೇಣಿ

ಆ ಕ್ಲಾಸಿಕ್ ಟಚ್ ಸವಾರ ಲುಡ್ಗರ್ ಬೇರ್‌ಬೌಮ್. ತನ್ನನ್ನು ಬೆಳ್ಳಿಗೆ ಇಳಿಸಿದವರೇ ಮರುವರ್ಷ ತನ್ನ ಮೇಲೆ ಕೂತು ವಿಶ್ವಕಪ್ ಗೆಲ್ಲುವ ಹಾಗೆ ಮಾಡಿದ ಕುದುರೆ ಅವಳು. ನಿಮ್ಮ ಮೊದಲ ಹತ್ತರ ಸರಾಸರಿ ಲೆಕ್ಕವನ್ನು ಬಾರ್ಸಿಲೋನಾ ಫೈನಲ್‌ನಿಂದಲೇ ಶುರುಮಾಡೋಣ ಸರ್. ಎರಡೂ ಸುತ್ತಿನ ಬಿದ್ದ ಕೋಲುಗಳನ್ನು ತಡೆಯ ಸಂಖ್ಯೆ ಸಮೇತ ನಾನು ಪಟ್ಟಿ ಮಾಡುತ್ತೇನೆ, ಮಾಂಟ್ರಿಯಲ್‌ನದು ನೀವು ಮಾಡಿ. ನೀರಿನ ತಡೆಯ ಫಾಲ್ಟ್‌ಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಅಲ್ಲಿ ಬೀಳಲು ಕೋಲೇ ಇರುವುದಿಲ್ಲ.